ತೂಕದ ಸೀಮೆಯ ಹಗುರ ದೋಣಿ

ನಮ್ಮ ಹುಕ್ಕೇರಿ ಸೀಮೆಯಲ್ಲಿ ಭಾರ ಇದ್ದುದಕ್ಕೇ ಬೆಲೆ. ಕಬ್ಬು ಟನ್ ಲೆಕ್ಕದಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಕಾಟಾ ಹತ್ತುತ್ತದೆ. ಬಾಗಿಲ ಚೌಕಟ್ಟನ್ನು ಎತ್ತಲು ಹೋಗಿ ಅದು ಏಳದಿದ್ದರೆ ‘ಸಾಗವಾನಿ ಛಲೋ ಐತಿ’ ಎಂದು ತಲೆದೂಗುತ್ತಾರೆ. ಇಂಥ ಊರಲ್ಲಿ ಹಗುರಾದ ಕಟ್ಟಿಗೆಯ ದೋಣಿ ಮಾಡುವ ಹುಚ್ಚು ಹಿಡಿದವನಿಗೆ ಪ್ಲೈವುಡ್ ಅಂಗಡಿಯಲ್ಲೇ ತಕರಾರು ಶುರುವಾಗುತ್ತದೆ. ಅಂಗಡಿಯವರು ಗರ್ಜನ್ ಮರದ ಹಾಳೆಯೊಂದನ್ನು ಹೆಮ್ಮೆಯಿಂದ ಎಳೆದು, “ಎತ್ತಿ ನೋಡ್ರಿ ಸರ್, ಎಷ್ಟ್ ವಜ್ಜ ಐತಿ!” ಅಂದರು. ನನಗೆ ವಜ್ಜ ಇಲ್ಲದ್ದು ಬೇಕಿತ್ತು. ಕುದಿಯುವ ನೀರಿಗೂ ಅಂಟು ಬಿಡದ ಐಎಸ್ 710 ಮುದ್ರೆಯ ಹಾಳೆ, ದಪ್ಪ 6 ಮಿ.ಮೀ., ಇದ್ದುದರಲ್ಲಿ ಹಗುರಾದದ್ದು. ಎಂಟು ಅಡಿಗೆ ನಾಲ್ಕು ಅಡಿಯ ಇಂಥ ಹಾಳೆ ಸುಮಾರು 12 ಕಿಲೊ ತೂಗುತ್ತದೆ. ಮೂರು ಹಾಳೆಯಲ್ಲಿ ಹನ್ನೆರಡು ಅಡಿಯ ದೋಣಿ ಆಗಬೇಕು, ಇಬ್ಬರು ಅದನ್ನು ಎತ್ತಿಕೊಂಡು ಹೊಳೆಯ ದಂಡೆ ಇಳಿಯುವಂತಿರಬೇಕು. ನನ್ನ ಹಟ ಇಷ್ಟೇ.

ನಮ್ಮ ಕಡೆ ದೋಣಿ ಅಂದರೆ ಜನರಿಗೆ ನೆನಪಾಗುವುದು ಮಹಾಪೂರ. 2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದಾಗ ಎಲ್ಲರ ಬಾಯಲ್ಲೂ ಬೋಟು, ಬೋಟು. ದೋಣಿ ಬರುವ ತನಕ ತಡೆಯಲಾಗದವರು ಬೆಲ್ಲ ಕಾಸುವ ಕೊಪ್ಪರಿಗೆಯಲ್ಲೇ ಕೂತು ನೀರು ದಾಟುತ್ತಾರೆ. ಅದು ಮುಳುಗುವುದಿಲ್ಲ ನಿಜ. ಆದರೆ ದುಂಡಗಿನ ತಳಕ್ಕೆ ದಿಕ್ಕಿಲ್ಲ, ಒಂದು ಹುಟ್ಟು ಹಾಕಿದರೆ ಮುಂದೆ ಹೋಗುವ ಬದಲು ಗಿರ್ರನೆ ತಿರುಗುತ್ತದೆ. ಜೀವ ಉಳಿಸಿಕೊಳ್ಳಲು ನೀರಿಗಿಳಿದವರ ಊರು ಇದು. ಸುಮ್ಮನೆ, ಸಂಜೆ ಹೊತ್ತು ಕಳೆಯಲು ಹುಟ್ಟು ಹಾಕುತ್ತೇನೆ ಅಂದರೆ ನಗದೆ ಏನು ಮಾಡಿಯಾರು?

ಕೆಲಸದಲ್ಲಿ ನನಗೆ ಅತಿ ಪ್ರೀತಿಯದು ಹಾಳೆಗೆ ಹಾಳೆ ಕೂಡಿಸುವುದು. ಎಂಟು ಅಡಿಯ ಹಾಳೆ ಹನ್ನೆರಡು ಅಡಿ ಆಗಬೇಕಾದರೆ ಎರಡರ ತುದಿಯನ್ನೂ ಇಳಿಜಾರಾಗಿ ಕೆತ್ತಿ, ಒಂದರ ಮೇಲೊಂದು ಕೂಡಿಸಿ ಅಂಟಿಸಬೇಕು. ದಪ್ಪದ ಎಂಟು ಪಟ್ಟು ಇಳಿಜಾರು ಅಂದರೆ 48 ಮಿ.ಮೀ. ರಂದಾ ಹೊಡೆಯುತ್ತ ಹೋದಂತೆ ಪ್ಲೈವುಡ್ಡಿನ ಪದರಗಳು ಪಟ್ಟೆಪಟ್ಟೆಯಾಗಿ ಹೊರಬೀಳುತ್ತವೆ, ಒಂದು ಕಂದು, ಒಂದು ತಿಳಿ, ಮತ್ತೊಂದು ಕಂದು. ಪಟ್ಟೆಗಳು ನೆಟ್ಟಗಿದ್ದರೆ ಇಳಿಜಾರು ಸಮ, ಅಂಕುಡೊಂಕಾದರೆ ಅಲ್ಲಿ ಕೈ ಹೆಚ್ಚು ಬಿದ್ದಿದೆ ಎಂದರ್ಥ. ಅಳತೆಪಟ್ಟಿಯೇ ಬೇಡ, ಕಟ್ಟಿಗೆ ತಾನೇ ಹೇಳುತ್ತದೆ. ಕೊನೆಯ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದಾಗ ಉಸಿರು ಬಿಗಿಹಿಡಿದು ರಂದಾ ಎಳೆಯುವ ಆ ಗಳಿಗೆಗಾಗಿಯೇ ಇನ್ನೊಂದು ದೋಣಿ ಮಾಡಬೇಕೆನಿಸುತ್ತದೆ.

ಆಮೇಲೆ ಹೊಲಿಗೆ. ಹಾಳೆಗಳ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಪಕ್ಕಡದಿಂದ ತಿರುವುವುದು. ನೆಲದ ಮೇಲೆ ಚಪ್ಪಟೆ ಬಿದ್ದಿದ್ದ ಹಾಳೆಗಳು ತಂತಿ ಬಿಗಿದಂತೆ ಎದ್ದು ಬಾಗಿ, ತಾಸೊಪ್ಪತ್ತಿನಲ್ಲಿ ಹೊಟ್ಟೆ ಮೂತಿ ಎರಡೂ ಬರುತ್ತವೆ. ನೋಡಲು ಬಂದಿದ್ದ ಓಣಿಯ ಬಡಿಗೇರ ಕಾಕಾನಿಗೆ ಇದು ಸೇರಲಿಲ್ಲ. “ಮಾಸ್ತರ, ಮೊಳಿ ಇಲ್ಲ, ಕಚ್ಚ ಇಲ್ಲ. ಇದೇನ್ರಿ, ಸಿಂಪಿಗ್ಯಾನ ಕೆಲಸ!”

ಸಿಂಪಿಗನ ಕೆಲಸವೇ, ಮತ್ತು ಬಹಳ ಹಳೆಯದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಅದೇ ವಿದ್ಯೆಯಿಂದ, ಅಜಂತಾದ ಚಿತ್ರವೊಂದನ್ನು ಮುಂದಿಟ್ಟುಕೊಂಡು ಗೋವಾದಲ್ಲಿ ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅತ್ತ ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಬ್ಯಾರಿ ಬಕ್ನೆಲ್, ಜ್ಯಾಕ್ ಹೋಲ್ಟ್ ಎಂಬಿಬ್ಬರು ‘ಮಿರರ್’ ಎಂಬ ಪುಟ್ಟ ಹಾಯಿದೋಣಿಯನ್ನು ತಂತಿಯಲ್ಲಿ ಹೊಲಿದು ಅಂಟಿಸುವ ಹಾಗೆ ರೂಪಿಸಿದರು. ಪತ್ರಿಕೆಯೊಂದು ಅದನ್ನು ಮನೆಮನೆಗೆ ಮುಟ್ಟಿಸಿತು. ಹಡಗುಕಟ್ಟೆ ಕಾಣದವರು ತಮ್ಮ ಪಡಸಾಲೆಯಲ್ಲೇ ದೋಣಿ ಮಾಡಿಕೊಂಡರು. ಕೌಂಡಿನ್ಯದ ಹೊಲಿಗೆ ಹಡಗು ಇರುವ ತನಕ ಇರುತ್ತದೆ. ನನ್ನ ತಂತಿಯದು ಅಂಟು ಒಣಗುವವರೆಗಿನ ಚಾಕರಿ. ಇಪಾಕ್ಸಿಗೆ ನುಣ್ಣನೆಯ ಕಟ್ಟಿಗೆ ಹಿಟ್ಟು ಕಲಸಿ ಒಳಮೂಲೆಗೆ ತುಂಬಿ, ಗಾಜಿನ ಬಟ್ಟೆಯ ಪಟ್ಟಿ ಹಚ್ಚಿದರೆ ಆಯಿತು. ನಮ್ಮ ಬೇಸಿಗೆಯಲ್ಲಿ ಇಪಾಕ್ಸಿ ಲೋಟದಲ್ಲೇ ಕಾದು ಗಟ್ಟಿಯಾಗುತ್ತದೆ. ಅಗಲವಾದ ತಾಟಿನಲ್ಲಿ ತೆಳ್ಳಗೆ ಹರಡಿ, ಬೆಳಗಿನ ತಂಪಿನಲ್ಲೇ ಮುಗಿಸಬೇಕು.

ಹುಟ್ಟಿಗೆ ಹೊಲದ ಬದುವಿನ ಹೆಬ್ಬೇವು ಸಾಕು. ನೇರ, ಹಗುರ. ನಾಲ್ಕು ಅಡಿ ಅಗಲದ ದೋಣಿಗೆ ಏಳೂಮುಕ್ಕಾಲು ಅಡಿಯ ಹುಟ್ಟು. ಎರಡಡಿ ಚಿಲ್ಲರೆ ಒಳಗೆ, ಉಳಿದದ್ದು ಹೊರಗೆ. ಸನ್ನೆಗೋಲಿನ ಲೆಕ್ಕ ಇಲ್ಲಿ ಕಟುವಾದದ್ದು, ಅಲಗಿನ ತುದಿಯಲ್ಲಿ ಉಳಿಸಿದ ನೂರು ಗ್ರಾಂ ಕೈಗೆ ಎರಡೂವರೆ ಪಟ್ಟಾಗಿ ಬಂದು ಬೀಳುತ್ತದೆ. ಹಾಗಾಗಿ ಅಲಗನ್ನು ಕೆತ್ತುವಾಗ ನಾನು ಜಿಪುಣ. ಗೋಕಾಕದ ಗೊಂಬೆ ಮಾಡುವವರು ಹಗುರ ಕಟ್ಟಿಗೆಯನ್ನೇ ಯಾಕೆ ಆರಿಸುತ್ತಾರೆಂದು ಉಳಿ ಹಿಡಿದ ಮೇಲೆ ತಿಳಿಯಿತು. ಅದು ಉಳಿಗೆ ಎದುರಾಡುವುದಿಲ್ಲ.

ಮಳೆಗಾಲ ಮುಗಿಯಲಿ ಎಂದು ಕಾದೆ. ಆಂಬೋಲಿಯ ಘಟ್ಟದಿಂದ ಇಳಿದು ಬರುವ ಹಿರಣ್ಯಕೇಶಿ ಆಷಾಢ ಶ್ರಾವಣದಲ್ಲಿ ಆಟಕ್ಕೆ ಬಗ್ಗುವ ಹೊಳೆಯಲ್ಲ. ದೀಪಾವಳಿ ದಾಟಿ, ಬಾಂದಾರದ ಹಿಂದೆ ನೀರು ನಿಂತ ಮೇಲೆ ಟ್ರ್ಯಾಲಿಯಲ್ಲಿ ದೋಣಿ ಹೋಯಿತು. ಮನೆಯವಳು ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಗಂಗವ್ವಗೆ ಕಾಯಿ ಒಡೆಸಿ, ನನ್ನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡು ಸಲ ಜಗ್ಗಿ ನೋಡಿದಳು. ದೋಣಿ 45 ಕಿಲೊ, ನಾನು 65. ಎರಡೂ ಸೇರಿ 110 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು, ಅದಕ್ಕೆ ತಳ ನಾಲ್ಕು ಬೆರಳು ಮುಳುಗಿದರೆ ಸಾಕು. ಒಂದು ಹುಟ್ಟು ಹಾಕಿ ಕೈ ಬಿಟ್ಟರೂ ದೋಣಿ ಸರಿಯುತ್ತಲೇ ಇತ್ತು. ಹಗುರ ದೋಣಿಯ ಸುಖವೆಲ್ಲ ಈ ಎರಡು ಎಳೆತಗಳ ನಡುವಿನ ಬಿಡುವಿನಲ್ಲಿದೆ.

ಕಾಕಾನೂ ಹತ್ತಿದ. ಅವನು ಹಿಂದಿನ ಹಲಗೆಯಲ್ಲಿ ಕೂತೊಡನೆ ಮೂತಿ ಮೇಲೆದ್ದಿತು. ನಾನು ಒಂದು ಹಲಗೆ ಮುಂದಕ್ಕೆ ಸರಿದು ತೂಕ ಸಮ ಮಾಡಿಕೊಂಡೆ.

“ಹಿಂಬಾಗಿ ಕುಂತ ನಡಸ್ತೀರಿ. ಮುಂದ ಕಲ್ಲ ಬಂದ್ರ?”

“ಅದಕ್ಕs ನಿಮ್ಮನ್ನ ಎದುರಿಗೆ ಕೂಡಿಸೀನ್ರಿ ಕಾಕಾ.”

ಅವನು ಕಲ್ಲು ನೋಡಲಿಲ್ಲ. ದೋಣಿಯ ಅಂಚುಪಟ್ಟಿಯ ಮೇಲೆ ಹೆಬ್ಬೆಟ್ಟು ಆಡಿಸುತ್ತಿದ್ದ. ಆಚೆ ದಂಡೆ ಹತ್ತಿರವಾದಾಗ ಹೇಳಿದ, “ಈ ಪಟ್ಟಿ ದಪ್ಪಾತ್ರಿ ಮಾಸ್ತರ. ಎರಡೂ ಕಡೆ ಅರ್ಧ ಇಂಚ ಕೆತ್ತಿ ಒಗದ್ರ ಒಂದೂವರಿ ಕಿಲೊ ಉಳೀತೈತಿ. ನಾಳೆ ರಂದಾ ತರ್ತೀನಿ.”