ಡ್ರಾಪ್ಸೂ ಔಷಧಿನೇ ಕಣಮ್ಮಾ...

ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಮೆಟ್ಟಿಲು ಇಳಿಯೋದನ್ನ ನೋಡಿ ನನಗೇ ಆಶ್ಚರ್ಯ. ಅದರ ಹಿಂದಿನ ಸಲ ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳೀತಿದ್ದವಳು, ಈಗ ಕೈಯಲ್ಲಿ ಬಕೆಟ್ ಹಿಡಿದು ಸಲೀಸಾಗಿ ಓಡಾಡ್ತಿದಾಳೆ!

"ಮಂಡಿನೋವು ಏನಾಯ್ತಮ್ಮಾ?"

"ಮೆಡಿಕಲ್ ಶಾಪಿನ ಹುಡುಗ ಒಳ್ಳೇ ಮಾತ್ರೆ ಕೊಟ್ಟಿದಾನೆ ಕಣೋ. ದಿನಕ್ಕೊಂದು ಸೆಟ್ಟು."

ಸೆಟ್ಟು ಅಂದ್ರೆ ಗೊತ್ತಲ್ಲ... ಪುಟ್ಟ ಪೇಪರ್ ಪೊಟ್ಟಣದಲ್ಲಿ ಮೂರು ಬಿಡಿ ಮಾತ್ರೆ. ಹೆಸರಿಲ್ಲ, ಎಕ್ಸ್‌ಪೈರಿ ಡೇಟಿಲ್ಲ. ಒಂದೂವರೆ ತಿಂಗಳಿಂದ ದಿನಾ ನುಂಗಿದಾಳೆ.

ಅಮ್ಮನಿಗೆ ನಾಲ್ಕು ವರ್ಷದಿಂದ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನರವನ್ನ ಹಾಳು ಮಾಡ್ತಾ ಹೋಗುತ್ತೆ. ಅವಳಿಗಿರೋ ತರಹದ್ದರಲ್ಲಿ ನೋವೂ ಇರಲ್ಲ, ಹೋದ ದೃಷ್ಟಿ ವಾಪಸ್ಸೂ ಬರಲ್ಲ. ದಿನಕ್ಕೆ ಎರಡು ಸಲ ಟಿಮೊಲಾಲ್ ಡ್ರಾಪ್ಸ್ ಬಿಟ್ಕೋತಾಳೆ.

"ಕಣ್ಣಿಂದು ಹೇಳಿದ್ಯಾ ಅವನಿಗೆ?"

"ಮಂಡಿಗೂ ಕಣ್ಣಿಗೂ ಏನೋ ಸಂಬಂಧ? ಬೇರೆ ಔಷಧಿ ತಗೋತೀರಾ ಅಂತ ಕೇಳ್ದ, ಬಿಪಿ ಮಾತ್ರೆ ಅಂದೆ."

ಡ್ರಾಪ್ಸ್ ಅವಳ ಲೆಕ್ಕದಲ್ಲಿ ಔಷಧಿನೇ ಅಲ್ಲ! ಪೌಡರ್, ಕುಂಕುಮದ ಸಾಲಿನಲ್ಲಿ ಕನ್ನಡಿ ಹತ್ರ ಇರೋ ವಸ್ತು ಅದು.

ಅಂಗಡಿಗೇ ಹೋಗಿ ಕೇಳಿದೆ. ಒಂದು ಡೈಕ್ಲೋಫೆನಾಕ್, ಒಂದು ಗ್ಯಾಸಿನ ಮಾತ್ರೆ. ಮೂರನೇದು, ಆ ಪುಟ್ಟ ಬಿಳೀದು, ಡೆಕ್ಸಾಮೆಥಸೋನ್. ಅಂದ್ರೆ ಸ್ಟೀರಾಯ್ಡ್. ಅಮ್ಮ ಮೆಟ್ಟಿಲು ಇಳಿದ ಗುಟ್ಟು ಅದು. ಜಗಳ ಆಡಿದೆ, ಅವನು "ಎಲ್ರಿಗೂ ಇದನ್ನೇ ಕೊಡೋದು ಸಾರ್" ಅಂದ. ಅದಕ್ಕೇನು ಹೇಳೋದು?

ಮಾರನೇ ದಿನ ಹಾಸನಕ್ಕೆ ಕರ್ಕೊಂಡು ಹೋಗಿ ಕಣ್ಣು ತೋರಿಸಿದ್ರೆ ಪ್ರೆಶರ್ 24. ಸಾಮಾನ್ಯವಾಗಿ 10ರಿಂದ 21ರ ಒಳಗಿರಬೇಕು, ಅಮ್ಮನದು ಡ್ರಾಪ್ಸ್ ಶುರು ಮಾಡಿದ ಮೇಲೆ 16 ದಾಟಿರಲಿಲ್ಲ. ಕಣ್ಣಿನೊಳಗಿನ ನೀರು ಹೊರಗೆ ಹೋಗೋ ದಾರಿಯನ್ನ ಸ್ಟೀರಾಯ್ಡ್ ಕಟ್ಟಿಹಾಕುತ್ತಂತೆ. ಎಲ್ಲರಿಗೂ ಹಾಗಾಗಲ್ಲ, ಆದ್ರೆ ಗ್ಲಾಕೋಮಾ ಇರೋರಿಗೆ ಆಗೋ ಸಾಧ್ಯತೆ ಜಾಸ್ತಿ. ನುಂಗೋ ಮಾತ್ರೆ ಮಾತ್ರ ಅಲ್ಲ, ಇಂಜೆಕ್ಷನ್, ಮುಲಾಮು, ಕಣ್ಣು ಕೆಂಪಾದಾಗ ಹಾಕೋ ಸ್ಟೀರಾಯ್ಡ್ ಡ್ರಾಪ್ಸಿಂದಲೂ ಆಗಬಹುದು.

ನಾನು "ಇವತ್ತಿಂದಲೇ ಎಲ್ಲಾ ಬಂದ್" ಅಂದೆ. ಡಾಕ್ಟರಮ್ಮ ತಡೆದರು. ಇಷ್ಟು ದಿನ ತಗೊಂಡ ಸ್ಟೀರಾಯ್ಡನ್ನ ಒಮ್ಮೆಲೇ ನಿಲ್ಲಿಸಿದ್ರೆ ಸುಸ್ತು, ಬಿಪಿ ಕುಸಿಯೋದು, ಇನ್ನೂ ಏನೇನೋ ಆಗಬಹುದಂತೆ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸೋದನ್ನ ಕಡಿಮೆ ಮಾಡಿರುತ್ತೆ. ಬಿಪಿ ನೋಡೋ ಡಾಕ್ಟರಿಗೆ ಅವರೇ ಫೋನ್ ಮಾಡಿ, ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡೋ ಚೀಟಿ ಬರೆಸಿದರು. ಡೈಕ್ಲೋಫೆನಾಕ್ ಕಣ್ಣಿನ ಒತ್ತಡ ಏರಿಸಲ್ಲ, ಆದ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಹೊಟ್ಟೆಗೂ ಒಳ್ಳೇದಲ್ಲ. ಅದೂ ಬಂತು ಕಸದ ಬುಟ್ಟಿಗೆ.

ಹಾಗಾದ್ರೆ ನೋವಿಗೆ? ಪ್ಯಾರಸಿಟಮಾಲ್. ಆ ಡ್ರಾಪ್ಸ್ ಜೊತೆ ಅದಕ್ಕೆ ತಕರಾರಿಲ್ಲ. ಅಮ್ಮನ ವಯಸ್ಸು, ತೂಕ ನೋಡಿ 500ರ ಮಾತ್ರೆ, ದಿನಕ್ಕೆ ಮೂರು ಮೀರಬಾರದು, ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆ ಅಂತರ ಅಂದ್ರು. ನೆಗಡಿ ಮಾತ್ರೆಯಲ್ಲೂ ಅದೇ ಪ್ಯಾರಸಿಟಮಾಲ್ ಇರುತ್ತೆ, ಎರಡೂ ಸೇರಿ ಲೆಕ್ಕ. ಗ್ಲಾಕೋಮಾದಲ್ಲಿ ಕೋನ ಕಿರಿದಾಗಿರೋ ಇನ್ನೊಂದು ತರಹ ಇದೆ, ಅಂಥವರಿಗೆ ಕೆಲವು ನೆಗಡಿ ಮಾತ್ರೆಗಳೇ ಅಪಾಯ ಅಂತೆ.

ನನಗೆ ಗೊತ್ತೇ ಇರದ ಇನ್ನೊಂದು ಸಂಗತಿ: ಕಣ್ಣಿಗೆ ಬಿಟ್ಟ ಹನಿ ಕಣ್ಣಲ್ಲೇ ಉಳಿಯಲ್ಲ. ಕಣ್ಣೀರು ಹರಿಯೋ ದಾರೀಲಿ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತೆ. ಟಿಮೊಲಾಲ್ ಬೀಟಾ ಬ್ಲಾಕರ್, ಹೃದಯದ ಬಡಿತ ನಿಧಾನ ಮಾಡಬಹುದು, ಆಸ್ತಮಾ ಇದ್ದವರಿಗೆ ಉಸಿರೇ ಕಟ್ಟಿಸಬಹುದು. ಅದಕ್ಕೇ ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನ ಬೆರಳಿಂದ ಎರಡು ನಿಮಿಷ ಮೆತ್ತಗೆ ಒತ್ತಿ ಹಿಡೀಬೇಕು. ನಾಲ್ಕು ವರ್ಷದಲ್ಲಿ ಅಮ್ಮ ಒಂದು ದಿನವೂ ಒತ್ತಿರಲಿಲ್ಲ!

ಈ ವಾರ ಪ್ರೆಶರ್ 18ಕ್ಕೆ ಇಳಿದಿದೆ. ಫೀಲ್ಡ್ ಟೆಸ್ಟಲ್ಲಿ ಎಡಗಣ್ಣಿನ ಅಂಚಿನ ಕಪ್ಪು ಹೋದ ವರ್ಷಕ್ಕಿಂತ ಸ್ವಲ್ಪ ದೊಡ್ಡದಾಗಿದೆ. ಅದು ಈ ಪೊಟ್ಟಣದ ಕೆಲಸವಾ, ಅಥವಾ ಹೇಗಿದ್ರೂ ಆಗ್ತಿತ್ತಾ ಅಂತ ಕೇಳಿದ್ರೆ ಡಾಕ್ಟರಮ್ಮ ಹೇಳಕ್ಕಾಗಲ್ಲ ಅಂದ್ರು.

ಮಂಡಿನೋವು ಮತ್ತೆ ಬಂದಿದೆ. ನಿನ್ನೆ ಫೋನಲ್ಲಿ ಅಮ್ಮ, "ನೀನು ಬರದೇ ಇದ್ದಿದ್ರೆ ಇನ್ನೂ ಸ್ವಲ್ಪ ದಿನ ಆರಾಮಾಗಿ ಓಡಾಡ್ತಿದ್ದೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.