ಮೆಕಾಂಗ್ ದಡದಲ್ಲಿ ಆರು ವಾರದ ಮೇಷ್ಟ್ರು

ಲುವಾಂಗ್ ಪ್ರಬಾಂಗಿಗೆ ಹೋದ ಮೊದಲ ದಿನವೇ ನಾನು ಲಕ್ಷಾಧೀಶ್ವರನಾದೆ. ಸುಮಾರು ನಾಲ್ಕು ಸಾವಿರ ರೂಪಾಯಿ ಬೆಲೆಯ ಡಾಲರ್ ಕೊಟ್ಟರೆ, ಹಣ ಬದಲಿಸುವಾಕೆ ಹತ್ತು ಲಕ್ಷ ಕಿಪ್ ಎಣಿಸಿ ಕೈಗಿಟ್ಟಳು. ಲಾವೋಸ್ ದೇಶದಲ್ಲಿ ನಾಣ್ಯದ ಬಳಕೆಯೇ ಇಲ್ಲ, ಎಲ್ಲವೂ ನೋಟು. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂತೆಯನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಸರಸರ ಎಣಿಸಿದ್ದನ್ನು ನೋಡಿ ಆಕೆ ಪಕ್ಕದ ಅಂಗಡಿಯವಳನ್ನೂ ಕರೆದು ತೋರಿಸಿದಳು. ಆ ಊರಿನಲ್ಲಿ ನನಗೆ ಸಲೀಸಾಗಿ ಬಂದ ಕೆಲಸ ಅದೊಂದೇ. ಉಳಿದದ್ದನ್ನೆಲ್ಲ ಒಂದನೇ ಕ್ಲಾಸಿನ ಹುಡುಗನ ಹಾಗೆ ಕಲಿಯಬೇಕಾಯಿತು.

ನಾನು ಹೋದದ್ದು ಮಾತ್ರ ಕಲಿಸಲಿಕ್ಕೆ! ಹೊರಗಿನಿಂದ ಬಂದವರು ಊರಿನ ಮಕ್ಕಳ ಜೊತೆ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಕೂತು ಇಂಗ್ಲಿಷ್ ಮಾತಾಡುವ ಒಂದು ಪುಟ್ಟ ಕೇಂದ್ರವಿತ್ತು. ಸಂಬಳವಿಲ್ಲ, ಊಟ ವಸತಿ ನಮ್ಮದೇ. ‘ಎಪ್ಪತ್ತೆರಡನೇ ವಯಸ್ಸಿಗೆ ಇದೆಂಥ ಹುಚ್ಚು ಅಪ್ಪಾ’ ಎಂದಳು ಮಗಳು. ಟಿಕೆಟ್ ತೆಗೆಸಿಕೊಟ್ಟವಳೂ ಅವಳೇ.

ಊರು ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಸೇರುವ ಕಡೆ ನಾಲಿಗೆಯ ಹಾಗೆ ಚಾಚಿಕೊಂಡಿದೆ. ಒಂದು ಕಾಲಕ್ಕೆ ರಾಜರ ಊರು. 1995ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬೀದಿ ಬೀದಿಗೂ ಬೌದ್ಧ ವಿಹಾರಗಳು. ನಾಮ್ ಖಾನ್ ಮೇಲೆ ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಬಿದಿರಿನ ಸೇತುವೆ ಕಟ್ಟುತ್ತಾರೆ, ಮತ್ತೆ ಮಳೆ ಬರುವ ಹೊತ್ತಿಗೆ ಬಿಚ್ಚಿಬಿಡುತ್ತಾರೆ. ನನ್ನ ಕೋಣೆ ಆಚೆ ದಡದಲ್ಲಿತ್ತು. ಜನವರಿಯ ಮಂಜಿನಲ್ಲಿ ಕಿರುಗುಟ್ಟುವ ಆ ಸೇತುವೆಯ ಮೇಲೆ ಮೊದಲ ವಾರ ಕೈಪಿಡಿ ಬಿಡದೆ ನಡೆದೆ. ಆಮೇಲೆ ಕೊಡೆ ಬೀಸಿಕೊಂಡು ನಡೆಯುವಷ್ಟು ಧೈರ್ಯ ಬಂತು.

ಊಟದ್ದು ದೊಡ್ಡ ಚಿಂತೆಯಾಗಿತ್ತು. ನಾನು ಸಸ್ಯಾಹಾರಿ, ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ಆ ಊರಿನ ಹೆಸರುವಾಸಿ ಖಾರದ ಚಟ್ನಿಗೆ ಎಮ್ಮೆಯ ಒಣಚರ್ಮ! ಆದರೆ ಅಂಟಕ್ಕಿ ನನ್ನನ್ನು ಕಾಪಾಡಿತು. ನೆನೆಸಿದ ಅಕ್ಕಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸಿ, ಮುಚ್ಚಳವಿರುವ ಪುಟ್ಟ ಬುಟ್ಟಿಯಲ್ಲಿ ತಂದಿಡುತ್ತಾರೆ. ಚಮಚದ ಗೊಡವೆಯಿಲ್ಲ, ಕೈಯಲ್ಲೇ ಉಂಡೆ ಮಾಡಿ ತಿನ್ನಬೇಕು. ಮುದ್ದೆ ಮುರಿದು ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ ನದಿಯ ಪಾಚಿಯನ್ನು ಹಾಳೆಯಂತೆ ಹರಡಿ, ಎಳ್ಳು, ಬೆಳ್ಳುಳ್ಳಿ, ಟೊಮೆಟೊ ಚೂರು ಸೇರಿಸಿ ಒಣಗಿಸಿ ಕರಿದ ಹಪ್ಪಳ. ಪಾಚಿ ಎಂದು ಮೂಗು ಮುರಿಯಬೇಡಿ, ಎರಡನೆಯದಕ್ಕೆ ಕೈ ತಾನಾಗಿ ಹೋಗುತ್ತದೆ.

ಭಾಷೆಯಲ್ಲೂ ನೆಂಟರು ಸಿಕ್ಕಿದರು. ಅಲ್ಲಿ ಭಾನುವಾರ ‘ವನ್ ಆಥಿತ್’, ಅಂದರೆ ಆದಿತ್ಯನ ದಿನ. ಸೋಮವಾರ ‘ವನ್ ಚನ್’, ನಮ್ಮ ಚಂದ್ರ. ಬುಧ ‘ಫುತ್’ ಆಗಿದ್ದಾನೆ, ಶುಕ್ರ ‘ಸುಕ್’ ಆಗಿದ್ದಾನೆ. ಗುರುವಿಗೆ ‘ಖೂ’, ಭಾಷೆಗೆ ‘ಫಾಸಾ’. ಅವರ ರಾಮಾಯಣದ ಹೆಸರು ‘ಫ್ರ ಲಕ್ ಫ್ರ ಲಾಮ್’. ಲಕ್ಷ್ಮಣನ ಹೆಸರು ಮೊದಲು, ರಾಮನದು ಆಮೇಲೆ. ರಾಮ ಅಲ್ಲಿ ಲಾಮ್ ಆದದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಪ್ಪುಗಳನ್ನೂ ಮಾಡಿದೆ. ಮೊದಲ ದಿನ ಚೆನ್ನಾಗಿ ಓದಿದ ಹುಡುಗಿಯೊಬ್ಬಳ ತಲೆ ಸವರಿ ‘ಗುಡ್’ ಎಂದೆ. ಕೋಣೆ ತಣ್ಣಗಾಯಿತು. ಅಲ್ಲಿ ತಲೆ ಪವಿತ್ರ, ಬೇರೆಯವರು ಮುಟ್ಟುವಂತಿಲ್ಲ. ನಮ್ಮಲ್ಲಿ ಆಶೀರ್ವಾದವಾದದ್ದು ಅಲ್ಲಿ ಅವಮಾನ. ಅಂದಿನಿಂದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಮಾಡಿದೆ. ಇದು ಚಿಕ್ಕ ತಪ್ಪು. ದೊಡ್ಡದು ಆಮೇಲೆ ಆಯಿತು.

ಕೇಂದ್ರಕ್ಕೆ ಸಾಮಣೇರರೂ ಬರುತ್ತಿದ್ದರು. ಸಾಮಣೇರರು ಎಂದರೆ ಇನ್ನೂ ಪೂರ್ಣ ದೀಕ್ಷೆಯಾಗದ, ಕಾವಿ ಉಟ್ಟ ಹುಡುಗರು. ಬೆಟ್ಟದ ಹಳ್ಳಿಯ ಬಡ ಮನೆಗಳಿಂದ ಎಷ್ಟೋ ಹುಡುಗರು ವಿಹಾರಕ್ಕೆ ಬರುವುದು ಓದಿನ ಆಸೆಗೆ. ಇಂಗ್ಲಿಷ್ ಬಂದರೆ ನಾಳೆ ಹೋಟೆಲಿನಲ್ಲೋ ಪ್ರವಾಸಿಗರ ಜೊತೆಯಲ್ಲೋ ಒಂದು ಕೆಲಸ. ಅಂಥವನೊಬ್ಬ, ಹದಿಮೂರರ ಹುಡುಗ, ನನ್ನ ಮೇಜಿಗೇ ಬಂದು ಕೂರುತ್ತಿದ್ದ. ಲಾವೋ ಮಾತಿನಲ್ಲಿ ಪದದ ಕೊನೆಗೆ ‘ಸ್’ ಬರುವುದಿಲ್ಲ. ಇವರ ಬಾಯಲ್ಲಿ ‘ಹೌಸ್’ ಬರೀ ‘ಹೌ’. ಹತ್ತು ದಿನ ಹಾವಿನಂತೆ ಬುಸುಗುಟ್ಟಿಸಿ ಅವನಿಗೆ ‘ಸ್’ ಕಲಿಸಿದೆ. ಒಂದು ಸಂಜೆ ಅವನು ಎದ್ದು ನಿಂತು ಹೆಮ್ಮೆಯಿಂದ ಹೇಳಿದ: ‘ಐ ಈಟ್ ಲೈಸ್!’

‘ಸ್’ ಬಂದಿತ್ತು, ‘ರ’ ಮಾತ್ರ ‘ಲ’ ಆಗಿಯೇ ಉಳಿದಿತ್ತು. ‘ರೈಸ್’ ಎಂದರೆ ಅನ್ನ, ‘ಲೈಸ್’ ಎಂದರೆ ಹೇನು. ನಾನು ಗಟ್ಟಿಯಾಗಿ ನಕ್ಕೆ. ಸಾಲದ್ದಕ್ಕೆ ಬೋರ್ಡಿನ ಮೇಲೆ ಒಂದು ಹೇನಿನ ಚಿತ್ರ ಬರೆದೆ. ಎಲ್ಲರೂ ನಕ್ಕರು, ಅವನೂ ಮುಗುಳ್ನಕ್ಕ. ಪಾಠ ಚೆನ್ನಾಯಿತೆಂದು ಬೀಗಿಕೊಂಡು ಸೇತುವೆ ದಾಟಿದೆ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೇಂದ್ರದ ಹುಡುಗಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಚಾನ್, ನಮ್ಮಲ್ಲಿ ನಾಚಿಕೆಯಾದಾಗಲೂ ನಗುತ್ತೇವೆ’ ಎಂದಳು. ಆಚಾನ್ ಎಂದರೆ ನಮ್ಮ ಆಚಾರ್ಯ. ಆ ಮಾತು ಅಂದು ಚುಚ್ಚಿತು. ಮಾತೇ ಊಟ ಕೊಡುತ್ತದೆಂದು ನಂಬಿ ಬಂದ ಹುಡುಗನನ್ನು, ತಲೆ ಬೋಳಿಸಿಕೊಂಡವನನ್ನು, ಹೇನಿನ ಚಿತ್ರ ಬರೆದು ನಗೆಪಾಟಲು ಮಾಡಿದ್ದೆ.

ಬೆಳಗಿನ ಜಾವ ಆರಕ್ಕೆ ಮುಂಚೆ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬೀದಿಗೆ ಬರುತ್ತಾರೆ. ಊರವರು ಮೊಣಕಾಲೂರಿ ಕೂತು ಒಬ್ಬೊಬ್ಬರ ಪಾತ್ರೆಗೂ ಒಂದೊಂದು ಚಿಟಿಕೆ ಬಿಸಿ ಅಂಟಕ್ಕಿ ಅನ್ನ ಹಾಕುತ್ತಾರೆ. ಮಾತಿಲ್ಲ. ಮೂರನೆಯ ದಿನ ನಾನು ಎದುರು ಬದಿಯಲ್ಲಿ ನಿಂತು ನೋಡಿದೆ. ಸಾಲಿನ ಕೊನೆಯಲ್ಲಿ ಅವನಿದ್ದ. ಕಣ್ಣೆತ್ತಲಿಲ್ಲ. ಅದು ಭಿಕ್ಷೆಯ ನಿಯಮವೋ ನನ್ನ ಮೇಲಿನ ಮುನಿಸೋ ಗೊತ್ತಾಗಲಿಲ್ಲ.

ಅಂದು ಮಧ್ಯಾಹ್ನ ವಿಹಾರಕ್ಕೇ ಹೋದೆ. ‘ಕ್ಲಾಸಿಗೆ ಬಾ’ ಎಂದು ಲಾವೋದಲ್ಲೇ ಹೇಳೋಣವೆಂದು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಅಲ್ಲಿ ‘ಮಾ’ ಎಂದರೆ ಬಾ. ಆದರೆ ರಾಗ ಬದಲಾದರೆ ಅದೇ ‘ಮಾ’ ನಾಯಿ, ಇನ್ನೊಂದು ರಾಗದಲ್ಲಿ ಕುದುರೆ. ಅಂಗಳ ಗುಡಿಸುತ್ತಿದ್ದ ನಾಲ್ಕೈದು ಹುಡುಗರ ಮುಂದೆ ನಾನು ಭಕ್ತಿಯಿಂದ ‘ನಾಯಿ, ಕಲಿಯೋಣ’ ಎಂದಿರಬೇಕು. ಪೊರಕೆ ಬಿಸಾಕಿ ನಕ್ಕರು. ಇನ್ನೊಮ್ಮೆ ಪ್ರಯತ್ನಿಸಿದೆ, ಈ ಸಲ ಕುದುರೆ. ನನ್ನ ಹುಡುಗ ಮಾತ್ರ ನಗಲಿಲ್ಲ. ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ ಮೆಲ್ಲಗೆ ‘ಮಾ’ ಎಂದು ಹೇಳಿಕೊಟ್ಟ. ನನಗೆ ಬರುವವರೆಗೂ ನಾಲ್ಕೈದು ಸಲ. ನಾನು ಹೇನಿನ ವಿಷಯಕ್ಕೆ ಕ್ಷಮೆ ಕೇಳಲು ಬಾಯಿ ತೆರೆದರೆ, ‘ಬೋ ಪೆನ್ ಞಂಗ್’ ಎಂದ. ಪರವಾಗಿಲ್ಲ ಬಿಡಿ ಎನ್ನಲು ಅಲ್ಲಿಯ ಜನ ದಿನಕ್ಕೆ ಹತ್ತು ಸಲ ಆಡುವ ಮಾತು.

ಮರುದಿನ ಬಂದ. ಆಮೇಲೆ ನಾನು ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ತಪ್ಪಿದ್ದರೆ ಪಕ್ಕಕ್ಕೆ ಕೂತು ಹೇಳುತ್ತಿದ್ದೆ, ಲೆಕ್ಕ ತಾಳೆಯಾಗದ ಚಲನ್ ತಂದವರಿಗೆ ಹೇಳುತ್ತಿದ್ದ ಹಾಗೆ.

ಹೊರಡುವ ವಾರ ಜೊತೆಯಲ್ಲಿ ಕಲಿಸುತ್ತಿದ್ದ ಆಸ್ಟ್ರೇಲಿಯಾದ ಹೆಂಗಸು ಕೇಳಿದರು, ‘ನಿಮ್ಮ ಮೇಜಿನ ಮಕ್ಕಳೆಲ್ಲ ಬಸ್ಸು ಬಸ್ಸು ಎನ್ನುತ್ತಾರಲ್ಲ, ಏಕೆ?’ ಅವರು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅವರು ಕೊನೆಯ ಅಕ್ಷರ ನುಂಗುವವರು, ನಾವು ಕೊನೆಗೊಂದು ‘ಉ’ ಸೇರಿಸುವವರು. ಕಾರು, ಬಸ್ಸು, ಬ್ಯಾಂಕು.

ಕೊನೆಯ ಸಂಜೆ ಹುಡುಗ ತಾನಾಗಿಯೇ ಎದ್ದು ನಿಂತ. ನಾಲಿಗೆಯನ್ನು ಮೇಲಕ್ಕೆ ಮಡಿಸಿ, ಒಂದು ಕ್ಷಣ ತಡೆದು, ‘ಐ ಈಟು ರೈಸು’ ಎಂದ. ಅಪ್ಪಟ ಅರಸೀಕೆರೆಯ ಇಂಗ್ಲಿಷ್. ನಾನು ತಿದ್ದಲು ಹೋಗಲಿಲ್ಲ.