ತಾಳಿ ಕಟ್ಟಿದರೆ ವೀಸಾ ಸಿಗುತ್ತಾ?

ಸಿನಿಮಾದಲ್ಲಿ ಇದು ಬಲು ಸುಲಭ. ದೇಶ ಬಿಟ್ಟು ಹೋಗು ಅಂತ ಹುಕುಂ ಬರುತ್ತೆ, ದಿಢೀರ್ ಮದುವೆ ಆಗುತ್ತೆ, ಮೊದಲು ನಾಟಕ, ಆಮೇಲೆ ನಿಜವಾದ ಪ್ರೇಮ, ಶುಭಂ! 2009ರ ‘ದಿ ಪ್ರಪೋಸಲ್’ ನೋಡಿದ್ದೀರಾ? ಕೆನಡಾದ ಸಾಂಡ್ರಾ ಬುಲಕ್, ಅಮೆರಿಕದಿಂದ ಹೊರಹಾಕುತ್ತಾರೆ ಅಂತ ಗೊತ್ತಾದ ಕೂಡಲೇ ತನ್ನ ಕೈಕೆಳಗಿನ ನೌಕರನನ್ನೇ ‘ಇವನೇ ನನ್ನ ಗಂಡನಾಗುವವನು’ ಅಂದುಬಿಡುತ್ತಾಳೆ. 1990ರ ‘ಗ್ರೀನ್ ಕಾರ್ಡ್’ನಲ್ಲಿ ಫ್ರಾನ್ಸಿನ ಹುಡುಗ ಕಾಗದದ ಮದುವೆ ಆಗಿ, ಅಧಿಕಾರಿಯ ಮುಂದೆ ಹೆಂಡತಿಯ ಮುಖದ ಕ್ರೀಮಿನ ಹೆಸರು ನೆನಪಾಗದೆ ಸಿಕ್ಕಿಬೀಳುತ್ತಾನೆ. ಎರಡನ್ನೂ ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕವಳು ನಾನು.

ಈಗ ನಗು ಬರೋದಿಲ್ಲ. 2025ರ ನವೆಂಬರಿನಲ್ಲಿ ನಾನು ಮದುವೆಯಾದೆನಲ್ಲ, ಆ ಹುಡುಗನ ವೀಸಾ ಮುಗಿದು ಅಷ್ಟೊತ್ತಿಗೆ ಹನ್ನೊಂದು ತಿಂಗಳಾಗಿತ್ತು.

ನಾನು ಪಿ.ಯು.ಸಿ.ಗೆ ಅರ್ಧದಲ್ಲೇ ನಮಸ್ಕಾರ ಹೊಡೆದವಳು. ಶೂಟಿಂಗ್ ಸುದ್ದಿ, ಪೋಷಕ ನಟರ ಸಂದರ್ಶನ ಬರೆದು, ಕಾಲಂ ಲೆಕ್ಕದಲ್ಲಿ ಕಾಸು ಎಣಿಸುವ ಜಾತಿ. ನಮ್ಮ ಚಿತ್ರಗಳಲ್ಲಿ ಆಫ್ರಿಕಾದ ಹುಡುಗ ಬಂದನೆಂದರೆ ಒಂದೋ ಡ್ರಗ್ಸ್ ಮಾರಬೇಕು, ಇಲ್ಲ ಹೀರೋ ಕೈಲಿ ಒದೆ ತಿನ್ನಬೇಕು! ಅಂಥದ್ದೇ ಒಂದು ಫೈಟಿಂಗ್ ಶೂಟಿಂಗಿಗೆ ಸ್ನೇಹಿತನ ಜೊತೆ ಸುಮ್ಮನೆ ನೋಡಲು ಬಂದಿದ್ದ ಅವನು. ಕೀನ್ಯಾ ದೇಶದವನು, ಬೆಂಗಳೂರಿಗೆ ಬಿ.ಕಾಂ. ಓದಲು ಬಂದವನು. “ಅಕ್ಕಾ, ಕುಡಿಯೋ ನೀರು ಎಲ್ಲಿದೆ?” ಅಂತ ಅಚ್ಚ ಕನ್ನಡದಲ್ಲಿ ಕೇಳಿದ. ಅದು 2023ರ ಮಾತು. ‘ಅಕ್ಕ’ ಅಂದಿದ್ದನ್ನು ಆಮೇಲೆ ವಾಪಸ್ ತಗೊಂಡ, ಬಿಡಿ.

ಅವನೇನು ಕದ್ದು ಗಡಿ ದಾಟಿ ಬಂದವನಲ್ಲ. ಊರಲ್ಲಿ ತಂದೆ ತೀರಿಕೊಂಡರು, ದುಡ್ಡು ಬರೋದು ನಿಂತಿತು. ಶುಲ್ಕ ಬಾಕಿ. ವಿದ್ಯಾರ್ಥಿ ವೀಸಾ ಮುಂದುವರಿಸಬೇಕಾದರೆ ‘ಇವನು ನಮ್ಮಲ್ಲೇ ಓದುತ್ತಿದ್ದಾನೆ’ ಅಂತ ಕಾಲೇಜು ಬರೆದುಕೊಡಬೇಕು. ಬಾಕಿ ತೀರಿಸೋ ತನಕ ಬರೆಯಲ್ಲ ಅಂದಿತು ಕಾಲೇಜು. ಆ ಕಾಗದ ಇಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಪರೀಕ್ಷೆಯೂ ಇಲ್ಲ. ದಿನ ಕಳೆಯಿತು. ಆಮೇಲೆ ಬೀದಿಯಲ್ಲಿ ಪೊಲೀಸ್ ಜೀಪು ಕಂಡರೆ ಸಾಕು, ಇವನು ಅಂಗಡಿ ಒಳಗೆ ಹೊಕ್ಕು ಬೇಡದ ಬಿಸ್ಕತ್ತು ಕೊಳ್ಳುತ್ತಿದ್ದ. ಅವನ ಪರಿಚಯದವನೊಬ್ಬನನ್ನು ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದ ವಿದೇಶಿಯರ ಕೇಂದ್ರಕ್ಕೆ ಕರೆದೊಯ್ದ ಸುದ್ದಿ ಬಂದ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ.

ಅಷ್ಟರಲ್ಲಿ ಹೊಸ ಕಾನೂನು ಬಂತು. 1946ರ ವಿದೇಶಿಯರ ಕಾಯಿದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯಿದೆ. ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 3 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ! ಗಡಗಡ ನಡುಗುತ್ತಾ ಒಬ್ಬ ವಕೀಲರ ಬಳಿ ಓಡಿದೆವು. “ಸಾರ್, ನಾವು ಮದುವೆ ಆಗಿಬಿಟ್ಟರೆ ಎಲ್ಲ ಸರಿಹೋಗುತ್ತಾ?” ಅಂದೆ.

ಅವರು ಕನ್ನಡಕ ತೆಗೆದಿಟ್ಟರು. “ನೋಡಮ್ಮ, ಮದುವೆ ಸರ್ಟಿಫಿಕೇಟು ಬೇರೆ, ವೀಸಾ ಬೇರೆ. ತಾಳಿ ಕಟ್ಟಿದ ಮಾತ್ರಕ್ಕೆ ವೀಸಾದ ತಾರೀಖು ಒಂದು ದಿನವೂ ಮುಂದಕ್ಕೆ ಹೋಗಲ್ಲ. ಮದುವೆ ಆಗಬೇಕು ಅನ್ನಿಸಿದರೆ ಆಗಿ. ಆದರೆ ಬಚಾವಾಗೋಕೆ ಅಂತ ಆಗಬೇಡಿ.”

ಮನೆಯಲ್ಲಿ ಅಮ್ಮನ ಪ್ರಶ್ನೆ ಇನ್ನೂ ಹರಿತ. “ಅವನು ಮದುವೆ ಆಗ್ತಿರೋದು ನಿನ್ನನ್ನೇನೇ, ಇಲ್ಲ ನಿನ್ನ ಆಧಾರ್ ಕಾರ್ಡನ್ನಾ?”

ಓದುಗ ಮಿತ್ರರೇ, ಈ ಪ್ರಶ್ನೆ ನನ್ನನ್ನೂ ಕುಟುಕಿದ್ದು ಸುಳ್ಳಲ್ಲ. ವೀಸಾ ಸರಿಯಿದ್ದಿದ್ದರೆ ಆ ನವೆಂಬರಿನಲ್ಲೇ ಮದುವೆ ಆಗುತ್ತಿದ್ದೆನಾ? ಇಲ್ಲ. ತಂಗಿ ಮದುವೆ ಮುಗಿಯಲಿ ಅಂತ ಎರಡು ವರ್ಷ ಕಾಯುತ್ತಿದ್ದೆ. ಹಾಗಾದರೆ ಇದು ಬರೀ ಕಾಗದದ ಮದುವೆಯೇ? ಯೋಚನೆ ಮಾಡಿದೆ. ಅಜ್ಜಿ ಕಣ್ಣು ಮುಚ್ಚೋದರೊಳಗೆ ಮೊಮ್ಮಗಳ ಮದುವೆ ನೋಡಬೇಕು ಅಂತ ನಮ್ಮ ಕಡೆ ಹದಿನೈದು ದಿನದಲ್ಲಿ ಚಪ್ಪರ ಹಾಕಿಸಿದ್ದಾರೆ. ಅಂಥ ಮದುವೆಯನ್ನು ಯಾರೂ ಸುಳ್ಳು ಅನ್ನಲಿಲ್ಲ. ಅಲ್ಲಿ ಅಜ್ಜಿಯ ಉಸಿರು ಮುಹೂರ್ತ ಇಟ್ಟಿತು, ಇಲ್ಲಿ ಸರ್ಕಾರ ಇಟ್ಟಿತು. ಹುಡುಗ ಮಾತ್ರ ನಾನೇ ಆರಿಸಿದವನು. ಅಮ್ಮನಿಗೆ ಇಷ್ಟೇ ಹೇಳಿದೆ.

ಅಮ್ಮ ಉತ್ತರ ಕೊಡಲಿಲ್ಲ. ಭಾನುವಾರ ಊಟಕ್ಕೆ ಕರಿ ಅಂದಳು. ತಟ್ಟೆಯಲ್ಲಿ ಚಪಾತಿ ಕಂಡು ಅವನು “ನಮ್ಮಲ್ಲೂ ಇದಕ್ಕೆ ಚಪಾತಿ ಅಂತಾನೇ ಹೇಳ್ತೀವಿ, ಚಹಾಕ್ಕೂ ಚಾಯ್” ಅಂದ. 1896ರಲ್ಲಿ ಮೊಂಬಾಸಾದಿಂದ ರೈಲು ಹಳಿ ಹಾಕಲು ಇಲ್ಲಿಂದ ಕೂಲಿಗಳು ಹೋಗಿದ್ದರಲ್ಲ, ಅಂಥವರ ಋಣ. ಆಮೇಲೆ ಮುದ್ದೆ ಬಂತು. ಯಾರೂ ಹೇಳಿಕೊಡದೆ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿದ! ಅವರ ಮೆಕ್ಕೆಜೋಳದ ಉಗಾಲಿಯನ್ನೂ ಹೀಗೇ ಉಣ್ಣುತ್ತಾರಂತೆ. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾವೇ, ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದದ್ದು ಅಂತ ನಾನು ಓದಿದ್ದನ್ನು ಹೇಳಿದೆ. “ರಾಗಿಗೆ ಯಾರು ವೀಸಾ ಕೇಳಿದ್ರು?” ಅಂದಳು ಅಮ್ಮ. ಆಗಲೇ ನನಗೆ ಅರ್ಧ ಧೈರ್ಯ ಬಂತು.

1954ರ ವಿಶೇಷ ವಿವಾಹ ಕಾಯಿದೆಯಲ್ಲಿ ನೋಟೀಸು ಕೊಟ್ಟೆವು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟೀಸು 30 ದಿನ ಬೋರ್ಡಿನಲ್ಲಿ ಎಲ್ಲರ ಕಣ್ಣಿಗೂ ಬಿದ್ದಿರುತ್ತೆ. ಅವನು ಅವಿವಾಹಿತ ಅನ್ನುವ ಪತ್ರ ದೆಹಲಿಯ ಕೀನ್ಯಾ ಹೈಕಮಿಷನ್ನಿನಿಂದ ತರಿಸಿದ್ದಾಯಿತು. ವೀಸಾ ಎಲ್ಲಿ ಅಂತ ಗುಮಾಸ್ತರು ತಡೆದಾಗ ವಕೀಲರೇ ಬಂದು ಕಾಯಿದೆ ಪುಸ್ತಕ ಬಿಡಿಸಿ ತೋರಿಸಿದರು. ಸೋದರಮಾವ “ನಾನು ತಕರಾರು ಹಾಕ್ತೀನಿ” ಅಂತ ಹಾರಾಡಿದರು. ಆದರೆ ತಕರಾರಿಗೂ ಕಾರಣ ಬೇಕಲ್ಲ! ಬೇರೆ ಹೆಂಡತಿ ಅಥವಾ ಗಂಡ ಇರಬಾರದು, ಮನಸ್ಸು ಸ್ವಸ್ಥವಿರಬೇಕು, ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ನಿಷಿದ್ಧ ಸಂಬಂಧ ಆಗಿರಬಾರದು. ಇಷ್ಟೇ ಪಟ್ಟಿ. ಮೈಬಣ್ಣ ಅದರಲ್ಲಿಲ್ಲ. ಮೂವರು ಸಾಕ್ಷಿಗಳು: ಒಬ್ಬ ಮೇಕಪ್‌ಮ್ಯಾನ್, ಒಬ್ಬ ಸ್ಟಿಲ್ ಫೋಟೋಗ್ರಾಫರ್, ಮತ್ತೆ ಅಮ್ಮ. ಹೌದು, ಸಹಿ ಹಾಕಲು ಅಮ್ಮನೇ ಬಂದಳು.

ಶುಭಂ ಬೋರ್ಡು ಬೀಳಬೇಕಾದದ್ದು ಇಲ್ಲೇ. ಬೀಳಲಿಲ್ಲ. ಮದುವೆಯಾದ ಮಾರನೇ ವಾರ ನಾವೇ ವಿದೇಶಿಯರ ನೋಂದಣಿ ಕಚೇರಿಗೆ ಅರ್ಜಿ ಹಾಕಿದೆವು. ಅವರು ಹಿಡಿಯಲು ಬರುವ ಮುಂಚೆ ನಾವಾಗಿಯೇ ಹೋಗುವುದು ಮೇಲು ಅಂತ ವಕೀಲರ ಮಾತು. ನನ್ನ ಎರಡೆಳೆ ಸರ ಗಿರವಿ ಅಂಗಡಿ ಸೇರಿತು. ದಂಡ ಕಟ್ಟಿ, ದೇಶ ಬಿಡಲು ಅನುಮತಿ ಪಡೆದು, ಡಿಸೆಂಬರಿನಲ್ಲಿ ಅವನು ವಿಮಾನ ಹತ್ತಿದ. ಕೈಗೆ ಬೇಡಿಯಿಲ್ಲದೆ, ತಲೆ ಎತ್ತಿಕೊಂಡು ಹೋದ. ಅಷ್ಟು ಸಾಕಿತ್ತು ನನಗೆ.

ಈಗ ಭಾರತೀಯಳ ಗಂಡ ಅನ್ನುವ ಆಧಾರದ ಮೇಲೆ ಪ್ರವೇಶ ವೀಸಾಕ್ಕೆ ನೈರೋಬಿಯಲ್ಲಿ ಅರ್ಜಿ ಹಾಕಿದ್ದಾನೆ. ಕೊಡಬಹುದು, ಕೊಡದಿರಬಹುದು. ಹಿಂದಿನ ಹನ್ನೊಂದು ತಿಂಗಳು ಕಡತದಲ್ಲಿ ಕೂತಿದೆ. 2011ರ ‘ಲೈಕ್ ಕ್ರೇಜಿ’ ಚಿತ್ರ ಮೊನ್ನೆ ನೋಡಿದೆ. ಓದಲು ಬಂದ ಇಂಗ್ಲೆಂಡಿನ ಹುಡುಗಿ ಪ್ರೀತಿಸಿದವನ ಜೊತೆ ಒಂದು ಬೇಸಿಗೆ ಹೆಚ್ಚು ಉಳಿದದ್ದಕ್ಕೆ ಅಮೆರಿಕ ವರ್ಷಗಟ್ಟಲೆ ಬಾಗಿಲು ಹಾಕುತ್ತೆ, ಮದುವೆಯಾದರೂ ತೆಗೆಯಲ್ಲ. ಅರ್ಧಕ್ಕೇ ಆಫ್ ಮಾಡಿದೆ.

ಇಂಥ ಪ್ರೇಮ ನಿಮಗೂ ಗಂಟುಬಿದ್ದಿದ್ದರೆ ಎರಡು ಮಾತು ಕೇಳಿ. ಎರಡು ದಿನದಲ್ಲಿ ಮದುವೆ, ನಾಲ್ಕು ದಿನದಲ್ಲಿ ವೀಸಾ ಅನ್ನುವ ದಲ್ಲಾಳಿಗಳನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ. ನೋಂದಣಿಯಾದ ಮದುವೆಗೆ 2 ವರ್ಷ ತುಂಬಿದರೆ ಸಾಗರೋತ್ತರ ನಾಗರಿಕನ ಕಾರ್ಡಿಗೆ ಕೇಳಬಹುದು. ಪೌರತ್ವಕ್ಕೆ 7 ವರ್ಷ ಇಲ್ಲೇ ವಾಸವಿರಬೇಕು, ಅದೂ ಕಾನೂನುಬದ್ಧವಾಗಿ. ಮಧ್ಯೆ ಯಾವ ಒಳದಾರಿಯೂ ಇಲ್ಲ.

ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿ ನಾನು ಮಲಗುವ ಹೊತ್ತಿಗೆ ಅವನ ಫೋನು. “ಊಟ ಮಾಡಿದ್ನಾ ಕೇಳೇ” ಅಂತ ಒಳಗಿನಿಂದ ಅಮ್ಮನ ಕೂಗು. ನಾನೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಕೀನ್ಯಾ 2024ರಲ್ಲೇ ವೀಸಾ ತೆಗೆದುಹಾಕಿ, ಮುಂಚಿತ ಅನುಮತಿ ಪಡೆದರೆ ಸಾಕು ಅಂದಿದೆ. ಇವನಿಗೆ ಇಲ್ಲಿ ಬಾಗಿಲು ತೆರೆಯದಿದ್ದರೆ ನಾನೇ ಹೊರಡುತ್ತೇನೆ. ವಾಪಸ್ ಬರಬೇಕಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೇ!